ಪವಿತ್ರಳ ಬಾಗಿಲು ತೆರೆಯುವ ಬೆರಳು

ಭಾನುವಾರ, ನವೆಂಬರ್ 9
ಚಾಮರಾಜನಗರ

ಆ ಬೀಗ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ತಂಗಿ ಪವಿತ್ರ ತನ್ನ ಗುಂಡ್ಲುಪೇಟೆ ಮನೆಗೆ ಬೆರಳಿಟ್ಟರೆ ತೆರೆಯುವ ಸ್ಮಾರ್ಟ್ ಲಾಕ್ ಹಾಕಿಸಿದ್ದಾಳೆ. ಬೆಳಿಗ್ಗೆ ನಾನು ಹೋದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಚೀಲ ಹಿಡಿದು ಜಗುಲಿಯಲ್ಲಿ ನಿಂತಿದ್ದೆ. ಎದುರು ಮನೆಯ ಫರಹತ್ ಬಂದು, "ಪವಿತ್ರ ತರಕಾರಿ ತರಕ್ ಓಗವ್ಳೆ, ಬನ್ನಿ ಅಕ್ಕ," ಎಂದು ತನ್ನ ಹೆಬ್ಬೆರಳಿಟ್ಟಳು. ಬಾಗಿಲು ತೆರೆಯಿತು. ನನ್ನ ತಂಗಿಯ ಮನೆಯಲ್ಲಿ ನನ್ನನ್ನು ಕೂರಿಸಿ ನೀರು ಕೊಟ್ಟವಳು ಅವಳು.

ಊಟಕ್ಕೆ ಕುಳಿತಾಗ ಬೇಕೆಂದೇ ಕೇಳಿದೆ: "ಇದನ್ನ ಫೋನಿಂದ್ಲೇ ಹ್ಯಾಕ್ ಮಾಡ್ಬುಡ್ತಾರಂತಲ್ಲ?"

ಪವಿತ್ರಳ ಗಂಡ ಗುರುಸ್ವಾಮಿ ನಕ್ಕರು. "ಪಾಸ್‌ವರ್ಡ್ ಗಟ್ಟಿ ಇಟ್ಕಂಡು ಅಪ್‌ಡೇಟ್ ಮಾಡ್ತಿದ್ರೆ ಅದೇನ್ ಸುಲಭ ಅಲ್ಲ ಅತ್ಗೆ. ನಮ್ಮೂರ್ ಕಳ್ಳ ಹಾರೆ ಹಾಕಿ ಹಿತ್ತಲ ಬಾಗ್ಲು ಮೀಟ್ತಾನೆ. ಈ ಬೀಗಕ್ಕೆ ನಂಬಿಕಸ್ತರ ಬೆರಳು ಮಾತ್ರ ಸೇರಿಸ್ಬೇಕು, ಅಷ್ಟೇ."

ನಂಬಿಕಸ್ತರು. ಆಮೇಲೆ ಹುರುಳಿಸಾರಿನ ರುಚಿಯೇ ತಿಳಿಯಲಿಲ್ಲ. ಪವಿತ್ರಳಿಗೆ ಡೆಂಗ್ಯೂ ಬಂದಾಗ ಆಸ್ಪತ್ರೆಯಲ್ಲಿ ಜೊತೆಗಿದ್ದವಳು ಫರಹತ್. ಒಳ್ಳೆಯವಳು, ಗೊತ್ತು. ಆದರೂ ಹೊಟ್ಟೆ ಉರಿಯುತ್ತಿದೆ, ಇಲ್ಲಿ ಸುಳ್ಳು ಬರೆಯುವುದೇಕೆ. ಪವಿತ್ರಳಿಗೆ ಜಡೆ ಹೆಣೆದು ಶಾಲೆಗೆ ಕಳಿಸುತ್ತಿದ್ದವಳು ನಾನು.

ನನ್ನ ಮುಖ ನೋಡಿ ಪವಿತ್ರ, "ಅಕ್ಕ, ನಿನ್ ಬೆರಳೂ ಸೇರಿಸ್ಬುಡನ ಬಾ," ಎಂದಳು.

"ನಂಗ್ಯಾಕೆ ಬುಡು, ಅಪರೂಪಕ್ಕೆ ಬರೋಳಿಗೆ," ಎಂದೆ.

"ಸರಿ ಬುಡು," ಎಂದು ಅವಳು ಮಜ್ಜಿಗೆ ಬಡಿಸಿದಳು.

ಇನ್ನೊಂದು ಸಲ ಕೇಳಿದ್ದರೆ ಕೈ ಚಾಚುತ್ತಿದ್ದೆ. ಬಸ್ ಹತ್ತುವವರೆಗೂ ಕಾದೆ. ಕೇಳಲೇ ಇಲ್ಲ.