ರಂಜಿತಾಗೆ ನೀನು ಕೊಟ್ಟ ಪುಸ್ತಕ

ಹೊಸದುರ್ಗ
8 ಜೂನ್ 2025

ಪ್ರೀತಿಯ ಅಂಜಲಿ,

ಹೇಗಿದ್ದೀಯ? ಹೊಳಲ್ಕೆರೆಯಲ್ಲಿ ಎಲ್ಲರೂ ಆರಾಮ ತಾನೆ? ನಿನ್ನ ಕಾಗದ ಬಂದು ತಿಂಗಳಾಗುತ್ತ ಬಂತು. ಬೈಯಬೇಡ ಕಣೇ. ಕೊನೆಯಲ್ಲಿ ನೀನು ಕೇಳಿದ್ದೆಯಲ್ಲ, "ರಂಜಿತಾ ನಾನು ಕೊಟ್ಟ ಪುಸ್ತಕ ಓದಿ ಮುಗಿಸಿದಳಾ?" ಅಂತ. ಆ ಒಂದು ಸಾಲಿಗೆ ಉತ್ತರ ಬರೆಯಲಾಗದೆ ಮೂರು ಸಲ ಹಾಳೆ ಹರಿದು ಹಾಕಿದೆ. ಫೋನ್ ಮಾಡಿದರೆ ನೀನು ನಡುವೆ ಬಾಯಿ ಹಾಕಿ ಸಮಾಧಾನ ಮಾಡುತ್ತೀಯ. ನನಗೆ ಸಮಾಧಾನ ಬೇಡ. ಮಗಳು ನನ್ನ ಜೊತೆ ಮಾತು ಬಿಟ್ಟು ಇಪ್ಪತ್ತು ದಿನವಾಯಿತು. "ಹ್ಞೂಂ", "ಸಾಕು", "ಬ್ಯಾಡ", ಇಷ್ಟೇ.

ಮೊದಲು ಸಿನಿಮಾ. ನೋಡಿದ್ದು, ಓದಿದ್ದು ಒಂದೂ ಸುಳ್ಳಿಲ್ಲದೆ ಹೇಳಿಕೊಳ್ಳುವ ನಮ್ಮ ಕಾಲೇಜಿನ ಕರಾರು ತಪ್ಪಬಾರದಲ್ಲ. ಹೋದ ಭಾನುವಾರ ಕನಕರಾಜ್ ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿದ್ದರು. ರಂಜಿತಾ ಬರುವುದಿಲ್ಲ ಅಂದಳು. ಮುಟ್ಟಾದ ಹೆಂಗಸರನ್ನು ಹಟ್ಟಿಯಾಚೆ ಕೂರಿಸುವುದರ ಮೇಲೆ ತೆಗೆದ ಸಿನಿಮಾ. ಗುಡಿಸಲಲ್ಲಿ ಮೂರು ದಿನ ಕೂತರೂ ನಾಯಕಿಯ ತುಟಿಯ ಬಣ್ಣ ಹೋಗುವುದಿಲ್ಲ. ಪಟ್ಟಣದಿಂದ ಬಂದ ನಾಯಕ ಗುಡಿಸಲಿಗೆ ಒದ್ದ, ಥಿಯೇಟರಿನ ತುಂಬ ಶಿಳ್ಳೆ. ಪಕ್ಕದಲ್ಲಿ ನನ್ನ ಗಂಡ ಚಪ್ಪಾಳೆ ಹೊಡೆದು ಕಣ್ಣು ಬೇರೆ ಒರೆಸಿಕೊಂಡರು. "ಇಂಥ ಸಿನ್ಮಾನ ಎಲ್ಲಾ ಹಟ್ಟಿಗೂ ತೋರುಸ್ಬೇಕು ನೋಡು" ಅಂದರು. ನಾನು ಅವರ ಕಡೆಗೆ ತಿರುಗದೆ ಚಪ್ಪಲಿ ಹುಡುಕಿಕೊಂಡು ಎದ್ದೆ.

ಅವರನ್ನು ನೀನು ಬಲ್ಲೆ. ಮೈಕು ಸಿಕ್ಕರೆ ದೇವರನ್ನೂ ಬಿಡುವುದಿಲ್ಲ, ಮಂತ್ರಿಸಿದ ನಿಂಬೆಹಣ್ಣನ್ನೂ ಬಿಡುವುದಿಲ್ಲ. ಮದುವೆಯಾದ ವರ್ಷ ಹರಿಯಬ್ಬೆಯಾಚೆಯ ಅವರ ಹಟ್ಟಿಯಲ್ಲಿ ನಾನು ಹೊರಗಾದಾಗ ಮಾತ್ರ, "ಅವ್ವಗೆ ಬ್ಯಾಸ್ರ ಆಗ್ತೈತೆ, ಮೂರು ದಿನ ತಾನೆ, ಹೊಂದ್ಕಂಡು ಹೋಗು" ಅಂದಿದ್ದರು. ಹೊಂದಿಕೊಂಡೆ. ಈಗ ನಾನು ಕೂತಿದ್ದ ಗುಡಿಸಲಿಗೆ ಸಿಮೆಂಟು ಗೋಡೆ ಬಂದಿದೆ, ಫ್ಯಾನು ಬಂದಿದೆ. ಅದನ್ನೇ ಸುಧಾರಣೆ ಅನ್ನುತ್ತಾರೆ. ಥೂ!

ಸಿನಿಮಾ ಸಾಲದು ಅಂತ ಲೈಬ್ರರಿಯಿಂದ ಇದೇ ವಿಷಯದ ದಪ್ಪ ಪುಸ್ತಕವೊಂದನ್ನು ತಂದೆ. ಪುಟಪುಟಕ್ಕೂ "ಮೌನ" ಇದೆ, ಸೊಳ್ಳೆ ಒಂದು ಕಡೆಯೂ ಇಲ್ಲ. ಬಟ್ಟೆ ಎಲ್ಲಿ ಒಗೆಯುತ್ತಾರೆ, ಉಚ್ಚೆಗೆ ಎಲ್ಲಿ ಹೋಗುತ್ತಾರೆ, ತಟ್ಟೆಗೆ ಅನ್ನವನ್ನು ಎಷ್ಟು ಎತ್ತರದಿಂದ ಹಾಕುತ್ತಾರೆ, ಆ ಮಹಾಶಯರಿಗೆ ಯಾರೂ ಹೇಳಿದಂತಿಲ್ಲ. ನಲವತ್ತನೇ ಪುಟಕ್ಕೆ ಮುಚ್ಚಿಟ್ಟು ಸೊಪ್ಪು ಸೋಸಿದೆ.

ಮೊನ್ನೆ ಎಂಟನೇ ತರಗತಿಯ ವಿಜ್ಞಾನ ಪಾಠದಲ್ಲಿ, "ಯಾರೇ ಹೇಳ್ಲಿ, ಪ್ರಶ್ನೆ ಮಾಡಿ ಆಮೇಲೆ ಒಪ್ಕಳ್ರಿ" ಅಂದೆ. ನನ್ನ ಬಾಯಿಂದಲೇ ಬಂದ ಮಾತು ಹಳಸಿದ ಸಾರಿನ ಹಾಗೆ ನಾತ ಹೊಡೆಯಿತು. ಸಿನಿಮಾದವನ ಮೇಲೆ, ಪುಸ್ತಕದವನ ಮೇಲೆ, ಗಂಡನ ಮೇಲೆ ಹೇಸಿಗೆ ಪಟ್ಟುಕೊಂಡರೆ ನಾನೊಬ್ಬಳು ಚೊಕ್ಕವಾಗಿದ್ದೇನೆ ಅನ್ನಿಸುತ್ತದೆ. ಸ್ವಲ್ಪ ಹೊತ್ತು ಅಷ್ಟೆ.

ನಿನ್ನ ಅತ್ತೆ ಪಾರ್ವತಮ್ಮನವರಿಗೆ ನಮಸ್ಕಾರ ಹೇಳು, ಅವರ ಮಂಡಿನೋವು ಕಡಿಮೆಯಾಗಲಿ. ನಿನ್ನ ಮಕ್ಕಳು ಚೆನ್ನಾಗಿರಲಿ. ನಿನ್ನ ಮಾತು ಕೇಳದಿದ್ದರೂ ಪರವಾಗಿಲ್ಲ, ನಿನ್ನ ಜೊತೆ ಮಾತಾಡಿಕೊಂಡಿರಲಿ.

ನಿನ್ನ
ಜಯಶೀಲಾ

ಸಹಿ ಹಾಕಿದ ಮೇಲೆ:

ರಂಜಿತಾ ಮೇ ರಜೆಯಲ್ಲಿ ಹಟ್ಟಿಯಲ್ಲೇ ಮೈನೆರೆದಳು. ಹನ್ನೆರಡು ತುಂಬಿ ಎರಡು ತಿಂಗಳು. ಅತ್ತೆ ಹುಚ್ಚಕ್ಕ ಜಗಳ ಮಾಡಲಿಲ್ಲ. "ದೇವ್ರಿರೋ ಹಟ್ಟಿ ಕಣವ್ವ. ನಿಂಗೆ ತಿಳ್ದಂಗೆ ಮಾಡು" ಅಂದು ಎದೆ ನೀವಿಕೊಂಡರು. ಕನಕರಾಜ್ ಫೋನ್ ನೋಡುತ್ತ ಕೂತರು. ಅವಳ ಕೈ ಹಿಡಿದು ಹಟ್ಟಿಯಾಚೆಗೆ ಕರೆದುಕೊಂಡು ಹೋದವಳು ನಾನು, ಅಂಜಲಿ. ಮುದುಕಿಗೆ ಏನಾದರೂ ಆದರೆ ಮಗಳ ತಲೆಗೆ ಕಟ್ಟುತ್ತಾರೆ ಅಂತ ನನಗೆ ನಾನೇ ಹೇಳಿಕೊಂಡೆ. ಅದೂ ಪೂರ್ತಿ ನಿಜವಲ್ಲ. ಎಲ್ಲಾದರೂ ನಿಜವಾಗಿಯೇ ಏನಾದರೂ ಆಗಿಬಿಟ್ಟರೆ ಅಂತ ಹೆದರಿದೆ.

"ಅಮ್ಮ, ನೀನು ಇದನ್ನ ನಂಬ್ತೀಯಾ?" ಅಂದಳು. "ಇಲ್ಲ" ಅಂದೆ. "ಮತ್ತೆ?" ಅಂದಳು. ಚಾಪೆ ಹಾಸಿಕೊಟ್ಟೆ.

ಐದು ದಿನ ಅಲ್ಲಿ ನಿನ್ನ ಪುಸ್ತಕ ಓದುತ್ತ ಕೂತಿದ್ದಳು. ಮೊದಲ ಪುಟದಲ್ಲಿ ನೀನು ಬರೆದಿದ್ದೆ, "ಅಮ್ಮ ಹೇಳಿದರೂ ಸರಿ, ಯಾಕೆ ಅಂತ ಕೇಳು" ಅಂತ. ಆರನೇ ದಿನ ಸ್ನಾನ ಮಾಡಿಸಿ ಕರೆತಂದೆ. ಹೊರಗೆ ಹೋಗಿದ್ದ ಬಟ್ಟೆ, ತಟ್ಟೆ, ಚಾಪೆ ಎಲ್ಲ ತೊಳೆದೇ ಮನೆಯೊಳಗೆ ಬರಬೇಕು. ಅವಳು ಬಾಗಿಲಲ್ಲಿ ನಿಂತು ಪುಸ್ತಕ ಮುಂದೆ ಹಿಡಿದಳು.

"ಇದನ್ನ ಹೆಂಗಮ್ಮ ತೊಳಿಯೋದು?"

ಅಣಕಿಸಲಿಲ್ಲ ಕಣೇ, ನಿಜವಾಗಿಯೂ ಕೇಳಿದಳು. ಒಳಗೆ ತಗೊಂಡು ಬಾ ಅಂದಿದ್ದರೆ ಸಾಕಿತ್ತು. ಅಷ್ಟರಲ್ಲಿ ಒಳಗಿನಿಂದ ಅತ್ತೆ ಕೆಮ್ಮಿದರು.

"ಸದ್ಯಕ್ಕೆ ಜಗಲಿ ಮೇಲಿಡು" ಅಂದೆ.

ಇಟ್ಟಳು. ನಾವು ಬಸ್ಸಿಗೆ ಹೊರಟಾಗಲೂ ಅದು ಅಲ್ಲೇ ಇತ್ತು. ಅವಳು ಎತ್ತಿಕೊಳ್ಳಲಿಲ್ಲ, ನಾನೂ ಎತ್ತಿಕೊಳ್ಳಲಿಲ್ಲ. ಮುಗಿಸಿದಳಾ ಅಂತ ನೀನು ಕೇಳಿದ್ದೆ. ಇನ್ನೂ ಹನ್ನೊಂದು ಪುಟ ಉಳಿದಿತ್ತು.