ಕದಿರಮ್ಮನ ಸೇವಂತಿಗೆ ಕತ್ತಲೆ ಮಂಜೂರು ಮಾಡಿದವರಿಗೆ

ಜಿಲ್ಲೆಯ ಪ್ರವಾಸಿ ಆಕರ್ಷಣೆಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಕಳೆದ ತಿಂಗಳು ತಾವು ಹೊಸೂರು ಬಳಿಯ ತಳಿ ಸೀಮೆಯ ಒಂದು ಹಳ್ಳಿಗೆ ಹದಿನಾರು ರಾತ್ರಿಗಳ ಕತ್ತಲೆಯನ್ನು ಮಂಜೂರು ಮಾಡಿದಿರಿ. ಪ್ರವಾಸಿಗಳು ಬಂದು ನಕ್ಷತ್ರ ನೋಡಲಿ, ಫೋಟೋ ತೆಗೆಯಲಿ ಎಂಬುದು ಉದ್ದೇಶ. ನಕ್ಷತ್ರಗಳು ಯಾರಿಗೂ ನೆಟ್ಟಗೆ ಕಾಣಲಿಲ್ಲ. ಒಂದು ಎಕರೆ ಸೇವಂತಿ ಮಾತ್ರ ಅಚ್ಚುಕಟ್ಟಾಗಿ ಹಾಳಾಯಿತು. ಈಗ ಬರುವ ಅಮಾವಾಸ್ಯೆಗೆ ಅದೇ ಉತ್ಸವದ ಎರಡನೇ ಕಂತು ಎಂದು ಪ್ರಕಟಣೆ ಹೊರಡಿಸಿದ್ದೀರಿ. ಹಾಳಾದ ತೋಟದ ಪಕ್ಕದ ಅರ್ಧ ಎಕರೆಯಲ್ಲಿ ಎರಡನೇ ನಾಟಿಯ ಸಸಿಗಳು ಎಂಟು ದಿನದಿಂದ ನಿಂತಿವೆ. ಈ ಪತ್ರ ಆ ಸಸಿಗಳ ಪರವಾಗಿ. ಅವಕ್ಕೆ ಬರೆಯಲು ಬರುವುದಿಲ್ಲ. ತಮಗೆ ಓದಲು ಬರುತ್ತದೆ ಎಂಬ ಧೈರ್ಯದ ಮೇಲೆ ನಾನು ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪೊಪ್ಪಿಗೆ. ಈ ಅನಾಹುತದ ಮೂಲ ಪುರುಷ ನಾನೇ. ಹೊಸೂರಿನ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಪಾಳಿ ಮೇಲೆ ದುಡಿಯುತ್ತಿದ್ದೇನೆ. ರಾತ್ರಿ ಪಾಳಿ ಮುಗಿಸಿ ಗೇಟು ದಾಟಿದವನಿಗೆ ಎದುರಾಗುವುದು ಎರಡೇ, ಸೂರ್ಯೋದಯ ಮತ್ತು ಟೀ ಅಂಗಡಿ. ಟೀ ದಿನವೂ ಒಂದೇ ಥರ ಇರುತ್ತಿತ್ತಾದ್ದರಿಂದ ಸೂರ್ಯೋದಯದ ಕಡೆ ವಾಲಿದೆ, ಕ್ಯಾಮೆರಾ ಕೊಂಡೆ. ಬೆಳಗಿನ ಬಂಡೆ, ಸಂಜೆಯ ರಾಗಿ ಹೊಲ, ಅಮಾವಾಸ್ಯೆಯ ಆಕಾಶ, ಇಷ್ಟೇ ನನ್ನ ಸರಕು. ಮನುಷ್ಯರು ಒಬ್ಬರೂ ಇಲ್ಲದ ಫೋಟೋಗಳನ್ನು ಗಂಟೆಗಟ್ಟಲೆ ನೋಡುವ ಈ ಚಟ ಕುಡಿತಕ್ಕಿಂತ ವಾಸಿ, ಆದರೆ ಭಾರೀ ವಾಸಿಯೇನಲ್ಲ ಎಂಬುದು ನನ್ನ ಹೆಂಡತಿ ವರಲಕ್ಷ್ಮಿಯ ಅಭಿಪ್ರಾಯ.

ತಮ್ಮ ಕಚೇರಿಯ ಜೊತೆ ನನ್ನ ಪರಿಚಯ ಹಳೆಯದು. ಊರಾಚೆಯ ಗುಡ್ಡದ ಬುಡದಲ್ಲಿ ತಾವು ನೆಡಿಸಿದ 'ಸೂರ್ಯೋದಯ ವೀಕ್ಷಣಾ ಸ್ಥಳ' ಎಂಬ ಫಲಕದ ಕೆಳಗೆ 'ಪ್ರವೇಶ ಬೆಳಿಗ್ಗೆ ಎಂಟರಿಂದ' ಎಂದು ಬರೆಸಿದ್ದೀರಿ. ಈ ಸುತ್ತೋಲೆ ಸೂರ್ಯನಿಗೆ ತಲುಪಿದಂತಿಲ್ಲ. ಅವನು ಆರೂ ಮುಕ್ಕಾಲಿಗೇ, ಟಿಕೆಟ್ಟಿಲ್ಲದೆ, ಗುಡ್ಡ ಹತ್ತಿಬಿಡುತ್ತಾನೆ. ಸಂಜೆ ಐದೂವರೆಗೆ ಕಾವಲುಗಾರ ಸೀಟಿ ಊದಿ ಎಲ್ಲರನ್ನೂ ಕೆಳಗಿಳಿಸಿ ಬೀಗ ಹಾಕಿದ ಮೇಲೆ, ಸೂರ್ಯಾಸ್ತವು ಯಾರ ಅಡ್ಡಿಯೂ ಇಲ್ಲದೆ ಪ್ರಶಾಂತವಾಗಿ ನೆರವೇರುತ್ತದೆ. ಇದನ್ನೆಲ್ಲ ನಾವು ನಕ್ಕು ಸಹಿಸಿಕೊಂಡೆವು. ಗೇಟಿನ ಹೊರಗೆ ನಿಂತರೂ ಸೂರ್ಯ ಕಾಣುತ್ತಾನೆ, ಯಾರ ಅನ್ನಕ್ಕೂ ಕಲ್ಲು ಬೀಳುವುದಿಲ್ಲ. ಸೇವಂತಿಯ ಸಂಗತಿ ಹಾಗಲ್ಲ.

ಸೇವಂತಿಯ ಬಗ್ಗೆ ತಮಗೆ ಗೊತ್ತಿರುವುದು ಬಹುಶಃ ಹಾರದ ರೂಪದಲ್ಲಿ, ಅದೂ ಕೊರಳಿನ ಮೂಲಕ. ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಚಳಿಗಾಲದ ರಾತ್ರಿ ಉದ್ದ. ರಾತ್ರಿ ಉದ್ದವಾಯಿತೆಂದು ತಿಳಿದ ಕೂಡಲೇ ಸೇವಂತಿ ಬೆಳೆಯುವುದನ್ನು ನಿಲ್ಲಿಸಿ ಮೊಗ್ಗು ಕಟ್ಟುತ್ತದೆ. ಗೇಣುದ್ದದ ಗಿಡದಲ್ಲಿ ಗುಂಡಿಯಷ್ಟು ಹೂವು. ಅದನ್ನು ಮಾರ್ಕೆಟ್ಟಿನಲ್ಲಿ ಮೂಸಿಯೂ ನೋಡುವುದಿಲ್ಲ. ಅದಕ್ಕೇ ನಮ್ಮ ತಳಿ, ಬಾಗಲೂರು ಕಡೆಯ ರೈತರು ನಾಟಿಯಾದ ಮೊದಲ ವಾರಗಳಲ್ಲಿ ಹೊಲದ ತುಂಬ ತಂತಿ ಎಳೆದು, ಬಲ್ಬು ತೂಗುಹಾಕಿ, ರಾತ್ರಿ ಹತ್ತರಿಂದ ಎರಡರವರೆಗೆ ಉರಿಸುತ್ತಾರೆ. ಕದಿರಮ್ಮ ಇದನ್ನೇ ನನಗೆ ಒಂದು ಮಾತಿನಲ್ಲಿ ಹೇಳಿದ್ದಳು: "ಗಿಡಕ್ಕೆ ರಾತ್ರಿ ಆಗೈತೆ ಅಂತ ಗೊತ್ತಾಗಬಾರ್ದು ಕಣಣ್ಣ. ಮಗೀನ ಏಮಾರಿಸ್ದಂಗೆ ಏಮಾರಿಸ್ಬೇಕು."

ಈ ಕದಿರಮ್ಮ ಮತ್ತವಳ ಗಂಡ ಅಶ್ವತ್ಥಪ್ಪ ಆ ಹೊಲದ ಒಡೆಯರು. ಅವರ ಹೊಲದ ಅಂಚಿನ ಬಂಡೆಯ ಮೇಲೆ ನಿಂತರೆ ದಕ್ಷಿಣಕ್ಕೆ ಒಂದೂ ಮನೆಯಿಲ್ಲ, ಬರೀ ಕಾಡು, ಅದರ ಮೇಲೆ ಆಕಾಶ. ಹೋದ ವರ್ಷ ಜನವರಿಯಲ್ಲಿ ನಾನು ಅಲ್ಲಿಗೆ ಹೋಗಿ, ಹತ್ತು ನಿಮಿಷ ಬಲ್ಬು ಆರಿಸುತ್ತೀರಾ ಎಂದು ಕೇಳಿದೆ. ಅಶ್ವತ್ಥಪ್ಪ ಒಂದು ಮದುವೆ ಮಾತುಕತೆಗೆ ಕೂತವನಂತೆ ಯೋಚಿಸಿದ.

"ಹತ್ ನಿಮಿಸ. ಅನ್ನೊಂದಾಯ್ತೋ, ನಿಮ್ಮ ಪೋಟೋ ಬರ್ಲಿ ಬುಡ್ಲಿ, ಸುಚ್ಚು ಹಾಕ್ಬುಡ್ತೀನಿ."

"ಹಾಕ್ಬುಡಪ್ಪ."

"ಆಮ್ಯಾಕೆ ಇನ್ನೊಂದ್ ಕಿತ ಅನ್ನಂಗಿಲ್ಲ."

"ಅನ್ನಲ್ಲ."

"ಅಯ್ಯೋ ಆರ್ಸಿ ಅತ್ಲಾಗೆ," ಎಂದಳು ಕದಿರಮ್ಮ. "ಅಣ್ಣ ಏನು ನಮ್ಮ ಜಮೀನು ಬರ್ಸ್ಕೊಳಕ್ಕೆ ಬಂದವ್ರಾ?"

ದೀಪ ಆರಿತು. ಕಣ್ಣು ಕತ್ತಲಿಗೆ ಒಗ್ಗಲು ಎರಡು ನಿಮಿಷ ಹಿಡಿಯಿತು. ನಾನು ಕ್ಯಾಮೆರಾದ ಕಣ್ಣನ್ನು ಇಪ್ಪತ್ತು ಸೆಕೆಂಡು ತೆರೆದಿಟ್ಟು ಒಂದು ಫೋಟೋ ತೆಗೆದೆ. ಹಿಂದೆ ತಿರುಗಿ ನೋಡಿದರೆ ಕದಿರಮ್ಮ ತಲೆಯ ಮೇಲಿನ ಟವಲ್ಲು ಹಿಂದಕ್ಕೆ ಸರಿಸಿ ಬಾಯಿ ತೆರೆದು ನಿಂತಿದ್ದಳು. ಪ್ರತಿ ಚಳಿಗಾಲವೂ ಅದೇ ಹೊಲದಲ್ಲಿ, ಅದೇ ಬಲ್ಬಿನ ಕೆಳಗೆ ರಾತ್ರಿ ಕಳೆದವಳು. "ಇವೆಲ್ಲ ಇಲ್ಲೇ ಇದ್ವಾ?" ಎಂದಳು. ಹತ್ತು ನಿಮಿಷ ಮುಗಿದೊಡನೆ ಸ್ವಿಚ್ಚು ಹಾಕುವುದಾಗಿ ಪ್ರಮಾಣ ಮಾಡಿದ್ದ ಅಶ್ವತ್ಥಪ್ಪ ಹನ್ನೆರಡನೇ ನಿಮಿಷಕ್ಕೆ ಹಾಕಿದ.

ಆ ಫೋಟೋವನ್ನು ತಮ್ಮ ಕಚೇರಿಯ ಸ್ಪರ್ಧೆಗೆ ಕಳಿಸಿದ್ದು ನನ್ನ ಮೂರ್ಖತನ. ತಾವು ಅದಕ್ಕೆ ಸಮಾಧಾನಕರ ಬಹುಮಾನ ಕೊಟ್ಟಿರಿ, ದೊಡ್ಡದು ಮಾಡಿಸಿ ಕಚೇರಿಯ ಗೋಡೆಗೆ ಹಾಕಿದಿರಿ. ಅಷ್ಟಕ್ಕೇ ಬಿಟ್ಟಿದ್ದರೆ ಈ ಪತ್ರ ಇರುತ್ತಿರಲಿಲ್ಲ. ಆದರೆ ಒಂದು ಒಳ್ಳೆಯ ವಸ್ತುವನ್ನು ಕಂಡೊಡನೆ ಅದಕ್ಕೆ ಕಮಾನು ಕಟ್ಟಬೇಕೆಂಬ ಆಸೆ ಅಧಿಕಾರದಲ್ಲಿರುವವರಿಗೆ ಯಾಕೆ ಹುಟ್ಟುತ್ತದೆ? ಅದೇನು ಹುದ್ದೆಯ ಜೊತೆಗೇ ಬರುವ ಕಾಯಿಲೆಯೇ? ಈ ಜನವರಿಯಲ್ಲಿ ತಮ್ಮ ಆದೇಶ ಹಳ್ಳಿಗೆ ಬಂತು. ಹದಿನಾರು ರಾತ್ರಿ 'ನಕ್ಷತ್ರ ಉತ್ಸವ'. ಒಂದು ಕಿಲೋಮೀಟರಿನೊಳಗೆ ಹತ್ತರಿಂದ ಎರಡರವರೆಗೆ ಎಲ್ಲ 'ಅಲಂಕಾರ ದೀಪಗಳನ್ನು' ಆರಿಸತಕ್ಕದ್ದು.

ಅಲಂಕಾರ ದೀಪಗಳು! ಮಾನ್ಯರೇ, ನಡುರಾತ್ರಿ, ಹೊಲದ ನಡುವೆ, ನೋಡಲು ಒಂದು ನರಪಿಳ್ಳೆಯೂ ಇಲ್ಲದ ಕಡೆ, ಮೈ ಕೊರೆಯುವ ಚಳಿಯಲ್ಲಿ, ರೈತನೊಬ್ಬ ಸಾಲುಸಾಲು ಬಲ್ಬು ಹಾಕಿಕೊಂಡು ಅಲಂಕಾರ ಮಾಡಿಕೊಳ್ಳುತ್ತಾನೆಂದು ತಮಗೆ ಯಾರು ಹೇಳಿದರು? ಕಾರಿನಲ್ಲಿ ಹೋಗುವಾಗ ಕಿಟಕಿಯಿಂದ ನೋಡಿ, ಪಾಪ, ಇವರ ಮನೆಯಲ್ಲಿ ದಿನವೂ ಮದುವೆ ಎಂದುಕೊಂಡಿರಾ?

ಉತ್ಸವದ ಹಿಂದಿನ ದಿನ ತಮ್ಮ ಕಡೆಯವರು ಬಂದು ಬಲ್ಬಿನ ಲೈನಿನ ಫ್ಯೂಸನ್ನೇ ಕಿತ್ತರು. ಕಿತ್ತವನು ಪಕ್ಕದೂರಿನ ಹುಡುಗ ಮುನೀಶ್, ದಿನಗೂಲಿಯ ಮೇಲೆ ಕರೆತಂದದ್ದು.

"ಏನ್ಲಾ ಮುನೀಸ, ಗಿಡ ಬೆಳ್ಯೋ ಟೈಮಲ್ಲಿ ಬಂದು ದೀಪ ಕೀಳ್ತೀಯಲ್ಲೋ," ಎಂದ ಅಶ್ವತ್ಥಪ್ಪ.

"ನಂಗೇನ್ ಗೊತ್ತು ಮಾವ? ಕೀಳು ಅಂದ್ರು, ಕಿತ್ತೆ. ನಮ್ಮಪ್ಪಂದೂ ಸೇವಂತಿನೇ, ಅಲ್ಲೂ ನಾನೇ ಕಿತ್ತು ಬಂದಿವ್ನಿ."

ಇನ್ನು ತಮ್ಮ ಕತ್ತಲೆಯ ವೈಭವ. ಉದ್ಘಾಟನೆಯ ರಾತ್ರಿ ನಾನು ಅಲ್ಲಿದ್ದೆ. ಹೊಲದ ದಾರಿಗೆ ಮಿಣಿಮಿಣಿ ಬಲ್ಬುಗಳಿಂದ ನಕ್ಷತ್ರದ ಆಕಾರ ಮಾಡಿದ ಕಮಾನು. ಗಣ್ಯರು ಎಡವಬಾರದೆಂದು ಬಂಡೆಯವರೆಗೂ ಟ್ಯೂಬ್‌ಲೈಟು. ಅದಕ್ಕೊಂದು ಜನರೇಟರು. ತಾವು ಬರುವವರೆಗೂ ತಮ್ಮ ಕಾರು ನಿಲ್ಲುವ ಜಾಗಕ್ಕೆ ಬೆಳಕು ಬಿಡುತ್ತಾ ನಿಂತ ಇನ್ನೊಂದು ಕಾರು. ಕತ್ತಲೆಯ ಉತ್ಸವವನ್ನು ತಾವು ದೀಪ ಬೆಳಗಿಸಿ ಉದ್ಘಾಟಿಸಿದಿರಿ, ಫೋಟೋದವರು ಫಳಾರನೆ ಫ್ಲ್ಯಾಷು ಹೊಡೆದರು, ಧ್ವನಿವರ್ಧಕದಲ್ಲಿ ಪ್ರಕೃತಿಯ ಮೌನದ ಬಗ್ಗೆ ಮುಕ್ಕಾಲು ಗಂಟೆ ಭಾಷಣವಾಯಿತು. ಆ ಬೆಳಕಿನಲ್ಲಿ ತಲೆಯೆತ್ತಿ ನಾನು ಎಣಿಸಿದ ನಕ್ಷತ್ರಗಳು ಏಳು. ಅದರಲ್ಲೂ ಒಂದು ಬೆಂಗಳೂರಿಗೆ ಇಳಿಯುತ್ತಿದ್ದ ವಿಮಾನ. ಇಡೀ ಸೀಮೆಯಲ್ಲಿ ಆ ರಾತ್ರಿ ನಿಜವಾಗಿ ಕತ್ತಲಾಗಿದ್ದ ಜಾಗ ಕದಿರಮ್ಮನ ತೋಟ ಒಂದೇ. ಅಸಹ್ಯ ಎಂಬ ಮಾತನ್ನು ನಾನು ಸಾಮಾನ್ಯವಾಗಿ ಬಳಸುವುದಿಲ್ಲ. ಅಂದು ಗಟ್ಟಿಯಾಗಿಯೇ ಬಳಸಿದೆ. ಜನರೇಟರಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಮೂರನೇ ದಿನ ನಾನೂ ಕದಿರಮ್ಮನೂ ತಮ್ಮ ಕಚೇರಿಗೆ ಬಂದೆವು. ತಾವು ಸ್ಥಳ ಪರಿಶೀಲನೆಗೆ ಹೋಗಿದ್ದಿರಿ. ಮುರುಗೇಶ್ ಎಂಬ ತಮ್ಮ ಸಿಬ್ಬಂದಿ ಸಿಕ್ಕರು, ಮಾತಿನಲ್ಲಿ ಒಳ್ಳೆಯವರು.

"ಮನು ಕೊಟ್ಟುಟ್ಟು ಹೋಗಿ ಸಾರ್, ಪಾಕ್ಕಲಾಂ," ಎಂದರು. ಮನು ಎಂದರೆ ಅರ್ಜಿ, ಪಾಕ್ಕಲಾಂ ಎಂದರೆ ನೋಡೋಣ. ನಮ್ಮ ಕಡೆ ತಮಿಳು, ತೆಲುಗು, ಕನ್ನಡ ಮೂರೂ ನಡೆಯುತ್ತವೆ. ಸರ್ಕಾರಿ ಮೇಜಿನ ಆಚೆಯಿಂದ ಬಂದ 'ನೋಡೋಣ'ಕ್ಕೆ ಮೂರರಲ್ಲೂ ಒಂದೇ ಅರ್ಥ.

"ನೋಡೋ ಹೊತ್ಗೆ ಮೊಗ್ಗು ಬಂದ್ಬುಡ್ತವೆ ಸಾಮಿ," ಎಂದಳು ಕದಿರಮ್ಮ. "ಬಂದು ನೋಡಾದಾದ್ರೆ ಈಗ್ಲೇ ಬನ್ನಿ, ನಮ್ಮ ಜತೇಲಿ, ಬಸ್ಸೈತೆ."

ಮುರುಗೇಶ್ ನಕ್ಕು ಗೋಡೆಯ ಕಡೆ ಕೈ ತೋರಿಸಿದರು. ನನ್ನ ಫೋಟೋ. "ಅಮ್ಮ, ಇದು ನಿಮ್ಮ ಹೊಲಾನೇ ತಾನೆ? ಇದ್ರಲ್ಲಿ ಲೈಟೇ ಇಲ್ಲ. ಆಗ ಗಿಡ ಏನಾದ್ರೂ ಹಾಳಾಯ್ತಾ? ಮೇಲಧಿಕಾರಿ ಇದನ್ನ ನೋಡೇ ಆರ್ಡರ್ ಹಾಕಿದ್ದು. ಪ್ರೂಫ್ ಇದೆ."

ಕದಿರಮ್ಮ ಫೋಟೋ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಇಪ್ಪತ್ತು ಸೆಕೆಂಡು, ಮಾನ್ಯರೇ! ಆ ಚಿತ್ರದಲ್ಲಿರುವುದು ಇಪ್ಪತ್ತು ಸೆಕೆಂಡಿನ ಕತ್ತಲೆ. ಅದು ಒಬ್ಬ ರೈತ ನನಗೆ ಮಾಡಿದ ಉಪಕಾರ. ಅದನ್ನು ತಾವು ಆ ಊರಿನ ವಾಡಿಕೆ ಎಂದು ಓದಿಕೊಂಡಿರಿ. ನನ್ನ ಮಗಳು ಹುಟ್ಟುಹಬ್ಬದ ದಿನ ಮೇಣದಬತ್ತಿ ಊದುವ ಫೋಟೋ ನಮ್ಮ ಮನೆಯಲ್ಲಿದೆ. ತಮ್ಮ ಕಣ್ಣಿಗೆ ಬಿದ್ದರೆ ನಮ್ಮ ಮನೆಗೆ ಕರೆಂಟು ಬೇಡವೆಂದು ತೀರ್ಮಾನಿಸುತ್ತೀರೇನೋ.

ಹದಿನಾರು ರಾತ್ರಿ ಮುಗಿಯುವ ಮೊದಲೇ ಗಿಡಗಳು ಗೇಣುದ್ದದಲ್ಲಿ ನಿಂತು ತುದಿಗೆ ಮೊಗ್ಗು ಹಿಡಿದವು. ಯುಗಾದಿಗೆ ಬರಬೇಕಾದ ಹೂವು. "ಗಿಡಕ್ಕೆ ಗೊತ್ತಾಗ್ಬುಡ್ತಣ್ಣ," ಎಂದಳು ಕದಿರಮ್ಮ, ಅಷ್ಟೇ. ಇದಾದ ಮೇಲೂ ತಮಗೆ ಸುಮ್ಮನಿರಲಾಗಲಿಲ್ಲ. ಆ ಕುಳ್ಳ ಗಿಡಗಳ ಚಿತ್ರವನ್ನು 'ನಕ್ಷತ್ರಗಳಿಗೆ ಸೇವಂತಿಯ ಸ್ವಾಗತ' ಎಂದು ಪ್ರಕಟಿಸಿದಿರಿ. ಅವಧಿಗೆ ಮುನ್ನವೇ ಮೊಗ್ಗೊಡೆದ ವಿಸ್ಮಯವನ್ನು ಕಾಣಲು ಜನರನ್ನು ಕರೆದಿರಿ. ಜನ ಬಂದರು, ಸಾಲಿನ ಮೇಲೆ ಕೂತು ಸೆಲ್ಫಿ ತೆಗೆದುಕೊಂಡರು. ಎರಡನೇ ಕಂತಿಗೆ ಫೋಟೋ ಮಾರ್ಗದರ್ಶಕನಾಗಿ ಬರಬೇಕೆಂದು ನನಗೂ ಒಂದು ಆಮಂತ್ರಣ ಬಂದಿದೆ, ಶಾಲು ಹೊದಿಸುವುದಾಗಿ ಬೇರೆ ಬರೆದಿದ್ದೀರಿ. ನಾನು ಬರುವುದಿಲ್ಲ. ಇದು ಅಲಂಕಾರಕ್ಕೆ ಹೇಳಿದ ಮಾತಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಉತ್ಸವ ಮುಗಿದು ವಾರಗಳಾದರೂ ಫ್ಯೂಸು ವಾಪಸ್ಸಾಗಿಲ್ಲ. 'ಮುಂದಿನ ಆದೇಶದವರೆಗೆ' ತಮ್ಮ ಕಚೇರಿಯ ಬೀರುವಿನಲ್ಲಿದೆಯಂತೆ. ಬೇರೆ ಹಾಕಿಕೊಂಡರೆ ಕೇಸು ಎಂದು ಎಚ್ಚರಿಸಿದ್ದೀರಿ. ಎರಡನೇ ನಾಟಿ ಬೇರು ಹಿಡಿದಿದೆ. ಇನ್ನು ನಾಲ್ಕು ದಿನದೊಳಗೆ ದೀಪ ಹತ್ತದಿದ್ದರೆ ಅದೂ ಮೊದಲನೆಯದರ ದಾರಿ ಹಿಡಿಯುತ್ತದೆ. ಆದ್ದರಿಂದ ಆದೇಶದಿಂದ 'ಅಲಂಕಾರ' ಎಂಬ ಪದವನ್ನು ಹೊಡೆದು ಹಾಕಿ, ಸೇವಂತಿ ಹೊಲದ ದೀಪ ಬೇಸಾಯದ ದೀಪವೆಂದು ಬರೆದು ಸಹಿ ಮಾಡಿ. ಎರಡನೇ ಕಂತನ್ನು ರದ್ದು ಮಾಡಿ. ಗೋಡೆಯ ಮೇಲಿನ ನನ್ನ ಫೋಟೋ ಇಳಿಸಿ. ಸಾಕ್ಷಿ ನುಡಿಯಲು ಅದಕ್ಕೆ ಯೋಗ್ಯತೆಯಿಲ್ಲ, ಅದನ್ನು ತೆಗೆದವನೇ ಹೇಳುತ್ತಿದ್ದೇನೆ.

ಹೋದ ಭಾನುವಾರ ನಾನು ಬರಿಗೈಯಲ್ಲಿ ಆ ಊರಿಗೆ ಹೋಗಿದ್ದೆ. ಕದಿರಮ್ಮ ಸಸಿಗಳಿಗೆ ನೀರು ಕಟ್ಟುತ್ತಿದ್ದಳು. ಬಂದವನಿಗೆ ಟೀ ಕೊಟ್ಟಳು, ಅದರಲ್ಲಿ ಕೊರತೆ ಮಾಡಲಿಲ್ಲ. ಲೋಟ ವಾಪಸ್ ಇಸಿದುಕೊಳ್ಳುವಾಗ ಹೇಳಿದಳು: "ಇನ್ ಮ್ಯಾಕೆ ಸುಮ್ ಸುಮ್ನೆ ಬರ್ಬ್ಯಾಡಿ ಅಣ್ಣ. ಬರಾದಾದ್ರೆ ಆ ಫ್ಯೂಸು ಇಸ್ಕಂಡು ಬನ್ನಿ."

ಅದನ್ನು ಕೊಡಿ ಸ್ವಾಮಿ. ಜೀಪು, ಸಮಾರಂಭ, ಹಸ್ತಾಂತರ ಯಾವುದೂ ಬೇಡ. ನಾಳೆ ಬೆಳಿಗ್ಗೆ ಪಾಳಿ ಮುಗಿಸಿಕೊಂಡು ತಮ್ಮ ಕಚೇರಿಯ ಬಾಗಿಲು ತೆರೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿರುತ್ತೇನೆ. ತಳಿಗೆ ಹೋಗುವ ಹನ್ನೊಂದರ ಬಸ್ಸಿಗೆ ಅದು ನನ್ನ ಜೇಬಿನಲ್ಲಿರಬೇಕು.

ಇಂತಿ,
ಕ್ಯಾಮೆರಾವನ್ನು ಹೆಂಡತಿಯ ವಶಕ್ಕೆ ಒಪ್ಪಿಸಿರುವ,
ತಮ್ಮದೇ ಸಮಾಧಾನಕರ ಬಹುಮಾನ ಪಡೆದೂ ಸಮಾಧಾನವಿಲ್ಲದ,
ಹೊಸೂರಿನ ಒಬ್ಬ ಪಾಳಿ ಕೆಲಸಗಾರ