ನಿದ್ದೆ ಮಾವ

ಜಾವಗಲ್,
೭ ಜುಲೈ ೨೦೦೩, ಸೋಮವಾರ

ಪ್ರೀತಿಯ ತಂಗಿ ಶ್ಯಾಮಲಾಗೆ ಅಣ್ಣನ ಆಶೀರ್ವಾದಗಳು.

ಬೇಲೂರಿನಲ್ಲಿ ಎಲ್ಲರೂ ಹೇಗಿದ್ದೀರಿ? ನಿನ್ನ ಮಂಡಿ ನೋವು ಕಡಿಮೆಯಾಯಿತೇ? ಕುಕ್ಕರಗಾಲಿನಲ್ಲಿ ಕೂತು ನೆಲ ಒರೆಸಬೇಡವೆಂದು ಡಾಕ್ಟರು ಹೇಳಿದ್ದನ್ನು ನೀನು ಕೇಳಿರುವುದಿಲ್ಲ, ಅದು ನನಗೆ ಗೊತ್ತು. ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಇಲ್ಲಿ ಅಮ್ಮನ ಕೆಮ್ಮು ವಾಸಿ. ಆದರೆ ಕಷಾಯ ಕುಡಿಸಲು ಹೋದರೆ ಎಳೆ ಮಗುವಿನ ಹಾಗೆ ಮುಖ ತಿರುಗಿಸುತ್ತಾಳೆ. ತೆಂಗಿಗೆ ನುಸಿ ಬಿದ್ದು ಕಾಯಿ ಸಣ್ಣದಾಗಿದೆ. ಬಾವಿಯ ಹತ್ತಿರ ನೀನು ನೆಟ್ಟಿದ್ದ ಮರ ಮಾತ್ರ ಚೆನ್ನಾಗಿದೆ.

ನಿನ್ನ ಕಾಗದ ಶುಕ್ರವಾರವೇ ಬಂತು. ಭವ್ಯಾಗೆ ಹಾಸನದಲ್ಲಿ ನರ್ಸಿಂಗ್ ಸೀಟು ಸಿಕ್ಕಿತೆಂದು ಓದಿ ಅಮ್ಮ ದೇವರಿಗೆ ಸಕ್ಕರೆ ಇಟ್ಟಳು. ಹದಿನೇಳನೇ ತಾರೀಖು ಕಾಲೇಜಿಗೆ ಸೇರಿಸಬೇಕು, ಇವರಿಗೆ ರಜೆ ಸಿಗುವುದಿಲ್ಲ, ಸೋದರಮಾವ ನೀನೇ ಕರೆದುಕೊಂಡು ಹೋಗು ಅಂತ ಬರೆದಿದ್ದೀಯ. ಕೊನೆಗೆ, ಆವತ್ತೊಂದು ದಿನ ನಿದ್ದೆ ಮಾಡಬೇಡ ಮಾರಾಯ ಅಂತಲೂ ಸೇರಿಸಿದ್ದೀಯ. ಅದನ್ನು ಓದಿ ಹೇಳಿದಾಗ ಅಮ್ಮ ನಕ್ಕಳು, ನಿಮ್ಮತ್ತಿಗೆ ನಕ್ಕಳು, ನಾನೂ ನಕ್ಕೆ. ಆಮೇಲೆ ಎರಡು ಸಲ ಫೋನ್ ಬೂತಿಗೆ ಹೋದೆ. ನಿನ್ನ ದನಿ ಕೇಳಿದ ಕೂಡಲೇ ಹೇಳಬೇಕಾದ ಮಾತು ನುಂಗಿಕೊಂಡು, ಅಮ್ಮನ ಕೆಮ್ಮಿನ ಸುದ್ದಿ ಹೇಳಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ.

ನಿನ್ನ ಮಕ್ಕಳು ನನ್ನನ್ನು ಕರೆಯುವುದೇ ನಿದ್ದೆ ಮಾವ ಅಂತ. ನೀನು ಹದಿನೆಂಟರ ಹುಡುಗಿಯಾಗಿದ್ದಾಗ ಹಾಸನದಲ್ಲೇ ಟೀಚರ್ ಟ್ರೈನಿಂಗ್ ಸೀಟು ಸಿಕ್ಕಿತ್ತು. ಮರುದಿನ ಬೆಳಿಗ್ಗೆ ಸೇರಬೇಕು, ಮಧ್ಯಾಹ್ನ ಎರಡೂವರೆಯ ಕೊನೆ ಬಸ್ಸಿಗೆ ಹೊರಟು ಚಿಕ್ಕಮ್ಮನ ಮನೆಯಲ್ಲಿ ಉಳಿಯಬೇಕು ಅಂತ ಮಾತಾಗಿತ್ತು. ಜೊತೆಗೆ ಹೋಗಬೇಕಾದ ಅಣ್ಣ ಉಂಡು ಮಲಗಿದವನು ಏಳಲೇ ಇಲ್ಲ. ಬಸ್ಸು ಹೋಯಿತು, ಸೀಟೂ ಹೋಯಿತು. ಇಪ್ಪತ್ತೊಂದು ವರ್ಷದಿಂದ ಮದುವೆ, ನಾಮಕರಣ ಎಲ್ಲಿ ಸೇರಿದರೂ ಈ ಕಥೆ ಆಗಲೇಬೇಕು. ಎಲ್ಲರೂ ನಗುತ್ತಾರೆ. ನಾನು ಆಕಳಿಸಿ ತೋರಿಸಿ ಇನ್ನಷ್ಟು ನಗಿಸುತ್ತೇನೆ. ಎಂಥ ನಾಚಿಕೆಗೆಟ್ಟವನು ನೋಡು ನಾನು.

ಒಂದು ವರ್ಷದಿಂದ ಪ್ರತಿ ಭಾನುವಾರ ಬಾಣಾವರಕ್ಕೆ ಹೋಗುತ್ತಿದ್ದೇನೆ. ರೈಲ್ವೆಯಲ್ಲಿ ಟಿಕೆಟ್ ಕೊಡುತ್ತಿದ್ದು ರಿಟೈರ್ ಆದ ಏಕಾಂತಯ್ಯನವರು ತಮ್ಮ ಮನೆಯ ಪಡಸಾಲೆಯಲ್ಲಿ ವೇದಾಂತ ಹೇಳುತ್ತಾರೆ. ಕೊಟ್ಟಿಗೆ ಬಾಚಲು ಮೈ ಬಗ್ಗದವರು ಬ್ರಹ್ಮನನ್ನು ಹುಡುಕಲು ಹೋಗುತ್ತಾರೆ ಅಂತ ನಿಮ್ಮತ್ತಿಗೆ ಆಡಿಕೊಳ್ಳುತ್ತಾಳೆ, ಅದರಲ್ಲಿ ಸುಳ್ಳೇನಿಲ್ಲ. ಆದರೆ ಏಕಾಂತಯ್ಯನವರ ಮಾತು ನನಗೆ ತುಂಬ ಹಿತವಾಗಿತ್ತು. ಎಚ್ಚರದಲ್ಲಿ ಒಂದು ಲೋಕ, ಕನಸಿನಲ್ಲಿ ಇನ್ನೊಂದು, ಗಾಢ ನಿದ್ದೆಯಲ್ಲಿ ಎರಡೂ ಇಲ್ಲ. ಅಲ್ಲಿ ಅಣ್ಣನಿಲ್ಲ, ತಂಗಿಯಿಲ್ಲ, ತಪ್ಪು ಮಾಡಿದವನೂ ಇಲ್ಲ. ಆದರೂ ಎದ್ದವನು, ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ ಅನ್ನುತ್ತಾನೆ. ಏನೂ ಇರಲಿಲ್ಲ ಅಂತ ಹೇಳಬೇಕಾದರೆ ಅಲ್ಲೊಬ್ಬ ಇದ್ದಿರಬೇಕಲ್ಲ? ನಿದ್ದೆ ಮೈಗೆ, ಮನಸ್ಸಿಗೆ. ನೋಡುತ್ತಿರುವ ಆ ಅರಿವಿಗೆ ನಿದ್ದೆಯಿಲ್ಲ. ಆ ಅರಿವೇ ನೀನು, ನಿನ್ನಲ್ಲಿರುವುದೇ ಎಲ್ಲರಲ್ಲಿರುವುದು, ಎರಡನೆಯದೆಂಬುದೇ ಇಲ್ಲ, ಅದನ್ನು ಕಂಡುಕೊಂಡವನಿಗೆ ಬೇರೆ ಮೋಕ್ಷ ಬೇಕಿಲ್ಲ ಅನ್ನುತ್ತಾರೆ. ಇದರಲ್ಲಿ ನನಗೆ ಬೇಕಾದ ತುಂಡನ್ನಷ್ಟೇ ನಾನು ಇಟ್ಟುಕೊಂಡಿದ್ದೆ. ತಪ್ಪು ಮಾಡಿದವನೇ ಇಲ್ಲ ಎಂಬ ತುಂಡು.

ನಿನ್ನೆ ಅವರು ಕೂತಿದ್ದವರನ್ನೆಲ್ಲ ಒಬ್ಬೊಬ್ಬರಾಗಿ, ರಾತ್ರಿ ನಿದ್ದೆ ಹೇಗಿತ್ತು ಅಂತ ಕೇಳುತ್ತ ಬಂದರು. ನನ್ನ ಸರದಿಗೆ ನಾನೂ ಹೇಳಿದೆ: ಚೆನ್ನಾಗಿ ನಿದ್ದೆ ಬಂತು, ಏನೂ ಗೊತ್ತಾಗಲಿಲ್ಲ. ಹೇಳಿದ ಮೇಲೆ ನೆನಪಾಯಿತು. ಬಸ್ಸು ತಪ್ಪಿದ ಆವತ್ತು ಸಂಜೆ ಅಪ್ಪನ ಮುಂದೆ ನಿಂತು ಒಂದಕ್ಷರವೂ ಬದಲಿಲ್ಲದೆ ಇದನ್ನೇ ಹೇಳಿದ್ದೆನಲ್ಲ. ಎಲ್ಲರೂ ಹೋದ ಮೇಲೆ ಅವರ ಹತ್ತಿರ ಕೂತು, ನಿದ್ದೆಯಲ್ಲಿ ತಪ್ಪು ಮಾಡಿದವನೇ ಇಲ್ಲದ ಮೇಲೆ ತಪ್ಪು ಯಾರಿಗೆ ಅಂಟುತ್ತದೆ ಅಂತ ಕೇಳಿದೆ. ನಾನು ಯಾಕೆ ಕೇಳುತ್ತಿದ್ದೇನೆಂದು ಅವರಿಗೇನು ಗೊತ್ತು? ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು: "ನಿದ್ದೇಲಿ ಯಾವ ತಪ್ಪೂ ಅಂಟಲ್ಲ, ದಿಟ. ಆದ್ರೆ ನಿದ್ದೆ ಮಾಡಿರ್ಬೇಕಲ್ಲಪ್ಪ."

ಶ್ಯಾಮಲಾ, ಆವತ್ತು ನಾನು ನಿದ್ದೆ ಮಾಡಿರಲಿಲ್ಲ.

ನೀನು ಟ್ರಂಕು ಜಗಲಿಯ ಮೇಲಿಟ್ಟು ಬಂದು "ಅಣ್ಣಾ, ಹೊತ್ತಾಯ್ತು" ಅಂದೆ. ಕೇಳಿಸಿತು. ಎರಡನೇ ಸಲ ಬಂದು ಕಾಲಿನ ಹೆಬ್ಬೆರಳು ಹಿಡಿದು ಅಲ್ಲಾಡಿಸಿದೆ. ಉಸಿರನ್ನು ಇನ್ನಷ್ಟು ಉದ್ದಕ್ಕೆ ಎಳೆದು ಬಿಟ್ಟೆ. ಸುಳ್ಳು ನಿದ್ದೆ ಮಾಡುವವನಿಗೆ ಎಷ್ಟು ಎಚ್ಚರ ಬೇಕು ಅಂತ ನಿನಗೆ ಗೊತ್ತಿಲ್ಲ. ನೊಣ ಮೂಗಿನ ಮೇಲೆ ಕೂತರೂ ಓಡಿಸುವ ಹಾಗಿಲ್ಲ. ಬಸ್ಸು ಸಂತೆ ಮೈದಾನದ ಹತ್ತಿರ ಹಾರನ್ ಹೊಡೆದದ್ದು, ಅಲ್ಲೇ ಸ್ವಲ್ಪ ಹೊತ್ತು ನಿಂತದ್ದು, ಗೇರ್ ಹಾಕಿಕೊಂಡು ಹೊರಟದ್ದು ಎಲ್ಲವೂ ಕೇಳಿಸಿತು. ಅಪ್ಪನ ಹೆದರಿಕೆ ಅನ್ನೋಣವೆಂದರೆ ಅದೂ ಇಲ್ಲ. ಅಪ್ಪ "ಅಣ್ಣ ಜೊತೇಲಿ ಬರೋದಾದ್ರೆ ಹೋಗವ್ವ, ಒಬ್ಳೇ ಬ್ಯಾಡ" ಅಂದು ಹೊಲಕ್ಕೆ ಹೋಗಿದ್ದರು. ಎಲ್ಲವೂ ನಾನು ಏಳುವುದರ ಮೇಲೆ ನಿಂತಿತ್ತು. ನಾನು ಪಿಯುಸಿಯಲ್ಲಿ ಎರಡು ಸಲ ಫೇಲಾದವನು. ಆ ವಾರವೆಲ್ಲ ಊರಿನವರು ದಾರಿಯಲ್ಲಿ ನಿಲ್ಲಿಸಿ ನಿನ್ನ ಸೀಟಿನ ವಿಷಯ ಕೇಳುತ್ತಿದ್ದರು. ನೀನು ಮೇಡಂ ಆಗುತ್ತೀಯ, ನಾನು ರಾಗಿ ಹೊಲದಲ್ಲಿ ಕುಂಟೆ ಹೊಡೆಯುತ್ತಿರುತ್ತೇನೆ ಅನ್ನಿಸಿ ಹೊಟ್ಟೆ ಉರಿಯಿತು. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣವಿದ್ದಿದ್ದರೆ ಬರೆಯಲು ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಎಲ್ಲರಲ್ಲೂ ಇರುವುದು ಒಂದೇ ಆದರೆ ಯಾರು ಯಾರ ಕ್ಷಮೆ ಕೇಳಬೇಕು ಅಂತ ನಿನ್ನೆ ಬಸ್ಸಿನಲ್ಲಿ ಬರುತ್ತ ವಾದ ಹೂಡಿಕೊಂಡೆ. ಜಾವಗಲ್ಲಿನಲ್ಲಿ ಇಳಿಯುವ ಹೊತ್ತಿಗೆ ಆ ವಾದವೂ ಕಣ್ಣು ಮುಚ್ಚಿಕೊಳ್ಳುವ ಇನ್ನೊಂದು ಉಪಾಯವೇ ಅಂತ ತಿಳಿಯಿತು. ಆತ್ಮ ಒಂದೇ ಇರಬಹುದು, ಆ ಸೀಟು ಮಾತ್ರ ನಿನ್ನದಾಗಿತ್ತು. ಅದನ್ನು ಕಳೆದವನು ನಾನು. ತಪ್ಪಾಯಿತು ಕಣಮ್ಮ. ಇಷ್ಟು ತಿಳಿದ ಮೇಲೆ ಮಗಳನ್ನು ನನ್ನ ಜೊತೆ ಕಳಿಸುವುದೂ ಬಿಡುವುದೂ ನಿನಗೆ ಸೇರಿದ್ದು. ಬೇಡವೆಂದರೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಮಕ್ಕಳಿಗೆ ನನ್ನ ಮುದ್ದು. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ. ಸುಮಂಗಲಿಯಾಗಿ ನೂರು ಕಾಲ ಬಾಳು.

ಇಂತಿ ನಿನ್ನ ಅಣ್ಣ,
ಪುಟ್ಟಸ್ವಾಮಿ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಟಪಾಲು ಎತ್ತುವ ಹೊತ್ತಾಯಿತು, ಅಂಟಿಸಿದ ಕವರು ಬಿಚ್ಚಿ ಬರೆಯುತ್ತಿದ್ದೇನೆ. ನೀನು ಎರಡು ಸಲವಲ್ಲ, ಮೂರು ಸಲ ಬಂದೆ. ಮೂರನೆಯದು ಬಸ್ಸು ಹೋದ ಮೇಲೆ. ಕಿಟಕಿಯ ಬಿಸಿಲು ನನ್ನ ಮುಖಕ್ಕೆ ಹೊಡೆಯುತ್ತಿತ್ತು. ನೀನು ಕಿಟಕಿ ಮುಚ್ಚಿ ಮೆಲ್ಲಗೆ, "ಎಚ್ರಾಗಿದ್ದೀಯ ಅಂತ ಗೊತ್ತು ಕಣಣ್ಣ. ಬಸ್ ಹೋಯ್ತು. ಇರ್ಲಿ, ಮಲ್ಕೋ" ಅಂದೆ. ಸಂಜೆ ಅಪ್ಪ ಕೋಲು ಎತ್ತಿದಾಗ, ಅಣ್ಣನಿಗೆ ಸತ್ತ ಹಾಗೆ ನಿದ್ದೆ ಬಂದಿತ್ತು ಅಂತ ಅಡ್ಡ ನಿಂತವಳೂ ನೀನೇ. ನಾನು ತಲೆಯಾಡಿಸಿ, ಚೆನ್ನಾಗಿ ನಿದ್ದೆ ಬಂತು, ಏನೂ ಗೊತ್ತಾಗಲಿಲ್ಲ ಅಂದೆ. ನಿದ್ದೆ ಮಾವನನ್ನು ಹುಟ್ಟಿಸಿದವಳು ನೀನು, ನನ್ನ ಮಾನ ಉಳಿಸಲು. ಎಲ್ಲ ಗೊತ್ತಿದ್ದೂ ಈಗ ಮಗಳನ್ನು ಕರೆದುಕೊಂಡು ಹೋಗು ಅಂತ ಬರೆದಿದ್ದೀಯ. ಆವತ್ತಿನಿಂದ ಇವತ್ತಿನವರೆಗೆ ಒಂದು ಮಧ್ಯಾಹ್ನವೂ ನಾನು ಮಲಗಿಲ್ಲ, ಬೇಕಾದರೆ ನಿಮ್ಮತ್ತಿಗೆಯನ್ನು ಕೇಳು. ಬಾ ಅಂತ ಒಂದೇ ಅಕ್ಷರ ಬರೆ, ಹದಿನಾರಕ್ಕೇ ಬಂದು ನಿನ್ನ ಜಗಲಿಯ ಮೇಲೆ ಕೂತಿರುತ್ತೇನೆ.